ಬಂಗಾಲದ ಕ್ಷಾಮವೂ ದಂಡಿನ ನೆರವೂ

ಧಾತು ಈಶ್ವರ ಸಂವತ್ಸರಗಳ ಬರದ ಮಾತು ಕನ್ನಡ ನಾಡಿನ ಹಳೆಯ ಮನೆತನಗಳಲ್ಲಿ ಬಹುಕಾಲ ಉಳಿದಿದ್ದಿತು. ೧೮೭೧ನೆಯ ಇಸವಿಯ ಖಾನೇಷುಮಾರಿಯಲ್ಲಿ ಐವತ್ತು ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು ೧೮೮೧ರಲ್ಲಿ ನಾಲ್ವತ್ತೆರಡು ಲಕ್ಷಕ್ಕೆ ಇಳಿದಿದ್ದಿತೆಂದರೆ ಆ ಬರದ ಘೋರವನ್ನು ಬೇರೆ ವರ್ಣಿಸಬೇಕಾದುದಿಲ್ಲ. ಮದರಾಸು ಮುಂಬಯಿ ಪ್ರಾಂತಗಳಲ್ಲಿಯೂ ಸಂಸ್ಥಾನಗಳಲ್ಲಿಯೂ ಸತ್ತವರ ಲೆಕ್ಕವನ್ನು ಕಂಡು ಬೆದರಿದ ಆಂಗ್ಲ ಸರಕಾರವು ಒಂದು ಆಯೋಗವನ್ನು ನೇಮಿಸಿತು. ೧೮೮೦ರಲ್ಲಿ ಅದರ ವರದಿ ಬಂದಿತು. ೧೮೮೩ರ ಹೊತ್ತಿಗೆ ಕ್ಷಾಮದ ನಿಬಂಧನೆಗಳು ಸಿದ್ಧವಾದುವು. ಮಳೆ ತಪ್ಪಿದಾಗ ಯಾರು ಯಾರಿಗೆ ವರದಿ ಬರೆಯಬೇಕು, ಧಾರಣೆಯು ಎಷ್ಟಕ್ಕೆ ಏರಿದಾಗ ಪರೀಕ್ಷೆಯ ಕಾಮಗಾರಿಗಳನ್ನು ತೆರೆಯಬೇಕು, ಅಲ್ಪ ಕೂಲಿಗೂ ಜನರು ಮುಗಿಬಿದ್ದರೆ ಯಾವ ಘಟ್ಟದಲ್ಲಿ ಕ್ಷಾಮವನ್ನು ಸಾರಬೇಕು, ಕೈಲಾಗದವರಿಗೆ ಪುಕ್ಕಟೆಯಾಗಿ ಎಷ್ಟು ಧಾನ್ಯವನ್ನು ಅಳೆಯಬೇಕು — ಎಲ್ಲವೂ ಅವುಗಳಲ್ಲಿ ಬರೆದಿಟ್ಟಿದ್ದಿತು. ಶಾನುಭೋಗನಿಂದ ಕಲೆಕ್ಟರನವರೆಗೆ, ಕಲೆಕ್ಟರನಿಂದ ಪ್ರಾಂತದ ಸರಕಾರದವರೆಗೆ, ಅಲ್ಲಿಂದ ಹಿಂದೂಸ್ಥಾನ ಸರಕಾರದವರೆಗೆ ಒಂದೇ ಸರಪಣಿ. ಮೇಲಿನ ಕೊಂಡಿಯನ್ನು ಜಗ್ಗಿದರೆ ಕೆಳಗಿನ ಕೊಂಡಿಯು ಅಲುಗುತ್ತಿದ್ದಿತು. ಆ ನಿಬಂಧನೆಗಳ ಹೊಣೆಯೆಲ್ಲ ಮುಲ್ಕಿ ಅಧಿಕಾರಿಗಳದು. ಬರವನ್ನು ಎದುರಿಸಲು ದಂಡು ಬೇಕಾದೀತೆಂದು ಆ ಕಾಲದವರು ಎಣಿಸಿರಲಿಲ್ಲ.

ಬಂಗಾಲ ಪ್ರಾಂತಕ್ಕೂ ಇಂತಹ ನಿಬಂಧನೆಯಿದ್ದಿತು. ೧೯೪೧ರಲ್ಲಿ ಅದನ್ನು ತಿದ್ದಿ ಕೈಪಿಡಿಯಾಗಿ ಹೊಸದಾಗಿ ಅಚ್ಚು ಮಾಡಿಸಿಯೂ ಇದ್ದರು. ಎರಡು ವರ್ಷಗಳ ಬಳಿಕ ಆ ಪ್ರಾಂತದಲ್ಲಿ ಲಕ್ಷಾಂತರ ಜನರು ಹಸಿವಿನಿಂದ ಸತ್ತರು. ಆದರೆ ಆ ಕೈಪಿಡಿಯ ಪ್ರಕಾರ ಕ್ಷಾಮವನ್ನು ಮಾತ್ರ ಕಡೆಯವರೆಗೂ ಸಾರಲಿಲ್ಲ. ಕಲಕತ್ತೆಯ ಮಂತ್ರಿಮಂಡಲ, ದಿಲ್ಲಿಯ ಸರಕಾರ, ಪೂರ್ವದ ಗಡಿಯಲ್ಲಿ ಜಪಾನೀಯರನ್ನು ಎದುರಿಸಿ ನಿಂತ ದಂಡು, ಈ ಮೂರೂ ಒಂದೇ ನೆಲದ ಮೇಲೆ ಇದ್ದು ಒಂದರ ಮಾತು ಒಂದಕ್ಕೆ ಮುಟ್ಟದೆ ಹೋದ ತಿಂಗಳುಗಳ ಕಥೆಯೇ ೧೯೪೩ರ ಬಂಗಾಲದ ಕಥೆ.

೧೯೩೫ರ ಶಾಸನವು ೧೯೩೭ರ ಏಪ್ರಿಲ್ ಮೊದಲ ದಿನದಿಂದ ಪ್ರಾಂತಗಳಲ್ಲಿ ಜಾರಿಗೆ ಬಂದಾಗ ಹಳೆಯ ಸರಪಣಿಯ ನಡುವಣ ಕೊಂಡಿಯು ಸಡಿಲವಾಯಿತು. ಅನ್ನದ ವಿಷಯವು ಪ್ರಾಂತದ ಮಂತ್ರಿಗಳ ಪಾಲಾಯಿತು. ಜನರಿಂದ ಆರಿಸಿಬಂದವರ ಕೈಗೆ ಅಧಿಕಾರವು ಬಂದುದು ಒಳ್ಳೆಯದೇ. ಅದನ್ನು ಹಳಿಯುವುದು ಇಲ್ಲಿಯ ಉದ್ದೇಶವಲ್ಲ. ಆದರೆ ಅದೇ ಶಾಸನವು ಗವರ್ನರರಿಗೆ ತೊಂಬತ್ತುಮೂರನೆಯ ಕಲಮಿನಲ್ಲಿ ಇಡೀ ಆಡಳಿತವನ್ನು ಕೈಗೆ ತೆಗೆದುಕೊಳ್ಳುವ ಅಧಿಕಾರವನ್ನೂ ಇಟ್ಟಿದ್ದಿತು. ಹೀಗಾಗಿ ಕೆಲಸವು ಕೆಟ್ಟಾಗ ದಿಲ್ಲಿಯವರು ‘ಇದು ಪ್ರಾಂತದ ಹೊಣೆ’ ಎನ್ನುವುದಕ್ಕೂ, ಪ್ರಾಂತದವರು ‘ಕೀಲಿಕೈಯೆಲ್ಲ ದಿಲ್ಲಿಯಲ್ಲಿ’ ಎನ್ನುವುದಕ್ಕೂ ಸಮನಾದ ಅವಕಾಶವಿದ್ದಿತು. ಇಬ್ಬರೂ ಅದನ್ನು ಧಾರಾಳವಾಗಿ ಬಳಸಿಕೊಂಡರು.

೧೯೪೨ರ ಮಾರ್ಚಿಯಲ್ಲಿ ರಂಗೂನು ಜಪಾನೀಯರ ವಶವಾಯಿತು. ಬ್ರಹ್ಮದೇಶದ ಅಕ್ಕಿಯು ಬಂದು ಬಂಗಾಲದ ಕೊರತೆಯನ್ನು ತುಂಬುತ್ತಿದ್ದ ದಾರಿಯು ಮುಚ್ಚಿತು. ಇಲ್ಲಿ ಒಂದು ಹಳೆಯ ಸಂಗತಿಯನ್ನು ನೆನೆಯಬೇಕು. ೧೮೭೩-೭೪ರಲ್ಲಿ ಬಿಹಾರವು ಬಂಗಾಲದ ಆಡಳಿತಕ್ಕೇ ಸೇರಿದ್ದಾಗ ಬರ ಬಂದಿತು. ಸರ್ ರಿಚರ್ಡ್ ಟೆಂಪಲರು ಅದೇ ಬ್ರಹ್ಮದೇಶದಿಂದ ಸುಮಾರು ಐದು ಲಕ್ಷ ಟನ್ನು ಅಕ್ಕಿಯನ್ನು ತರಿಸಿ ಹಂಚಿಸಿದರು. ಹಸಿವಿನಿಂದ ಸತ್ತವರು ಇಲ್ಲವೆನ್ನುವಷ್ಟು ಕಡಮೆ. ಹಣವು ಪೋಲಾಯಿತೆಂದು ಟೆಂಪಲರು ಬೈಸಿಕೊಂಡರು. ಮೂರು ವರ್ಷಗಳ ತರುವಾಯ ಅವರೇ ಮದರಾಸಿಗೆ ಬಂದಾಗ ಆ ಬೈಗಳವು ಅವರ ನೆನಪಿನಲ್ಲಿದ್ದಿತು. ಕೂಲಿಯಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆಯೇ ಸಾಕೆಂದರು. ದಕ್ಷಿಣದವರು ಅದರ ಫಲವನ್ನು ಉಂಡರು.

ರಂಗೂನಿನ ಪತನದಿಂದ ದಂಡಿನವರಿಗೆ ಹುಟ್ಟಿದ ಭಯವು ಬೇರೆ ಬಗೆಯದು. ಶತ್ರುವು ಸಮುದ್ರದಿಂದ ಬಂದಿಳಿದರೆ ಅವನಿಗೆ ಅನ್ನವೂ ದೊರೆಯಬಾರದು, ವಾಹನವೂ ದೊರೆಯಬಾರದು ಎಂದು ೧೯೪೨ರ ಬೇಸಗೆಯಲ್ಲಿ ಕರಾವಳಿಯ ಜಿಲ್ಲೆಗಳಿಂದ ಮಿಕ್ಕ ಅಕ್ಕಿಯನ್ನು ತೆಗೆಸಿದರು. ಹತ್ತು ಮಂದಿಯನ್ನು ಹೊರಬಲ್ಲ ದೋಣಿಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡು ಒಯ್ದರು, ಇಲ್ಲವೆ ಕೆಡಿಸಿದರು. ಪಟ್ಟಿಯಲ್ಲಿ ಬರೆಸಿದ್ದ ಅರುವತ್ತು ಸಾವಿರಕ್ಕೆ ಮಿಕ್ಕಿದ ದೋಣಿಗಳಲ್ಲಿ ನಾಲ್ವತ್ತು ಸಾವಿರಕ್ಕೂ ಹೆಚ್ಚು ಹೀಗೆ ಇಲ್ಲವಾದುವು. ಮೇಲುನಾಡಿನಲ್ಲಿ ಎತ್ತಿನ ಗಾಡಿಗಳನ್ನೆಲ್ಲ ಸುಟ್ಟರೆ ಏನಾದೀತೋ ಗಂಗೆಯ ಮುಖಜಭೂಮಿಯಲ್ಲಿ ಅದೇ ಆಯಿತು. ಅಲ್ಲಿ ಹೊಲಕ್ಕೆ ಹೋಗುವುದು ದೋಣಿಯಲ್ಲಿ. ಸಂತೆಗೆ ಹೋಗುವುದು ದೋಣಿಯಲ್ಲಿ. ಮೀನು ಹಿಡಿಯುವವನ ಬದುಕೇ ದೋಣಿ. ಮಡಕೆ ಮಾಡುವ ಕುಂಬಾರನು ಕೂಡ ಮಣ್ಣನ್ನು ದೋಣಿಯಲ್ಲಿಯೇ ತರತಕ್ಕವನು. ದೋಣಿಗೆ ಪರಿಹಾರದ ಹಣವನ್ನು ಕೊಟ್ಟರು, ನಿಜ. ಆದರೆ ಹಣವು ನೀರಿನ ಮೇಲೆ ತೇಲುವುದಿಲ್ಲ.

ಅದೇ ವರ್ಷದ ಅಕ್ಟೋಬರ್ ೧೬ರಂದು ಮಿದ್ನಾಪುರ ಮತ್ತು ಇಪ್ಪತ್ತುನಾಲ್ಕು ಪರಗಣಗಳ ಕರಾವಳಿಗೆ ಚಂಡಮಾರುತವು ಬಡಿಯಿತು. ಅದರ ಬೆನ್ನಿಗೆ ಕಡಲೂ ಏರಿ ಬಂದಿತು. ಹದಿನಾಲ್ಕು ಸಾವಿರಕ್ಕೂ ಹೆಚ್ಚು ಜನರೂ ಒಂದು ಲಕ್ಷ ತೊಂಬತ್ತು ಸಾವಿರದಷ್ಟು ದನಕರುಗಳೂ ಸತ್ತುವೆಂದು ಸರಕಾರದ ಲೆಕ್ಕ. ಕೊಯ್ಲಿಗೆ ನಿಂತಿದ್ದ ಆಮನ್ ಬತ್ತದ ಮೇಲೆ ಉಪ್ಪುನೀರು ಹರಿಯಿತು. ಮಿದ್ನಾಪುರವು ಆಗ ಆಗಸ್ಟಿನ ಚಳವಳಿಯ ಕೋಟೆಯಾಗಿದ್ದಿತು. ಪೋಲೀಸರಿಗೂ ಜನರಿಗೂ ಹೊಡೆದಾಟಗಳು ನಡೆದಿದ್ದುವು. ಯುದ್ಧಕಾಲದ ನೆವದಿಂದ ಚಂಡಮಾರುತದ ಸುದ್ದಿಯು ಕೆಲವು ದಿನ ಪತ್ರಿಕೆಗಳಲ್ಲಿ ಬಾರದಂತೆ ತಡೆಯಲ್ಪಟ್ಟಿತು. ಮಂತ್ರಿಗಳಿಗೂ ಗವರ್ನರ್ ಸರ್ ಜಾನ್ ಹರ್ಬರ್ಟರಿಗೂ ನಡುವೆ ಮೊದಲೇ ಇದ್ದ ಬಿರುಕು ಈ ಸಂದರ್ಭದಲ್ಲಿ ಅಗಲವಾಗಿ, ಅರ್ಥಮಂತ್ರಿಗಳಾಗಿದ್ದ ಶ್ಯಾಮಾಪ್ರಸಾದ ಮುಖರ್ಜಿಯವರು ನವೆಂಬರಿನಲ್ಲಿ ರಾಜೀನಾಮೆ ಕೊಟ್ಟರು. ಮನೆಯಿಲ್ಲದವನಿಗೆ ಮನೆಯನ್ನೂ ಅನ್ನವಿಲ್ಲದವನಿಗೆ ಅನ್ನವನ್ನೂ ಒದಗಿಸಬೇಕಾದ ಅಧಿಕಾರಿಯೇ ಹಿಂದಣ ತಿಂಗಳಲ್ಲಿ ಲಾಠಿಯನ್ನು ಹಿಡಿದವನಾದರೆ ಆ ಪರಿಹಾರದ ಕೆಲಸವು ಹೇಗೆ ನಡೆದೀತೆಂಬುದನ್ನು ವಾಚಕರೇ ಊಹಿಸಬಹುದು.

ಧಾರಣೆಯು ಏರತೊಡಗಿತು. ೧೯೪೨ರ ಡಿಸೆಂಬರಿನಲ್ಲಿ ಕಲಕತ್ತೆಯಲ್ಲಿ ಮಣಕ್ಕೆ ಹದಿಮೂರು ಹದಿನಾಲ್ಕು ರೂಪಾಯಿಯಿದ್ದ ಅಕ್ಕಿಯು ಮಾರ್ಚಿಯಲ್ಲಿ ಇಪ್ಪತ್ತೊಂದಾಯಿತು, ಮೇ ತಿಂಗಳಲ್ಲಿ ಮೂವತ್ತನ್ನು ದಾಟಿತು, ಆಗಸ್ಟಿನಲ್ಲಿ ಮೂವತ್ತೇಳು. (ಬಂಗಾಲದ ಮಣವು ಕನ್ನಡ ಜಿಲ್ಲೆಗಳ ಮಣವಲ್ಲ, ಎಂಬತ್ತೆರಡು ಪೌಂಡಿನದು.) ಅಕ್ಟೋಬರಿನಲ್ಲಿ ಚಿತ್ತಗಾಂಗಿನಲ್ಲಿ ಎಂಬತ್ತು ರೂಪಾಯಿ, ಡಾಕ್ಕಾದಲ್ಲಿ ನೂರರ ಮೇಲೆ. ನೆಲವಿಲ್ಲದ ಕೂಲಿಯವನ ಗಳಿಕೆಯು ಇದರ ಹತ್ತಿರ ಸುಳಿಯುವಂತಿರಲಿಲ್ಲ. ಇದೇ ವೇಳೆಯಲ್ಲಿ ಕಲಕತ್ತೆಯ ಕಾರಖಾನೆಗಳ ಆಳುಗಳಿಗೂ ರೇಲ್ವೆ, ಬಂದರು, ಸರಕಾರದ ಕಚೇರಿಗಳ ನೌಕರರಿಗೂ ಅಗ್ಗದ ದರದಲ್ಲಿ ಅಕ್ಕಿಯು ದೊರೆಯುತ್ತಿದ್ದಿತು. ಯುದ್ಧದ ಸಾಮಗ್ರಿಗಳನ್ನು ತಯಾರಿಸುವವರು ಹಸಿಯಬಾರದೆಂಬ ನ್ಯಾಯ. ದಂಡಿಗೂ ಅನ್ನ ಬೇಕು. ವಿಮಾನದ ನೆಲೆಗಳನ್ನು ಕಟ್ಟುವ ಆಳುಗಳಿಗೂ ಬೇಕು. ಹಳ್ಳಿಯವನು ಬೆಳೆದ ಅಕ್ಕಿಯು ಪಟ್ಟಣದ ಕಡೆಗೆ ನಡೆಯಿತು. ಕೆಲವು ತಿಂಗಳ ಮೇಲೆ ಹಳ್ಳಿಯವನೂ ಅದರ ಹಿಂದೆಯೇ ನಡೆದುಕೊಂಡು ಬಂದನು.

ಮಾರ್ಚ್ ೧೧ರಂದು ಪ್ರಾಂತದ ಸರಕಾರವು ಧಾರಣೆಯ ಕಟ್ಟನ್ನು ಬಿಚ್ಚಿತು. ತಿಂಗಳ ಕೊನೆಗೆ ಫಜಲುಲ್ ಹಕ್ಕರ ಮಂತ್ರಿಮಂಡಲವು ಹೋಗಿ ಏಪ್ರಿಲಿನಲ್ಲಿ ನಾಜಿಮುದ್ದೀನರದು ಬಂದಿತು; ಅನ್ನದ ಖಾತೆಯು ಸುಹ್ರಾವರ್ದಿಯವರಿಗೆ. ಅಕ್ಕಿಯು ಸಾಕಷ್ಟಿದೆ, ಅಡಗಿಸಿಟ್ಟವರೇ ಅಪರಾಧಿಗಳು ಎಂದು ಹೊಸ ಮಂತ್ರಿಗಳು ಸಾರಿದರು. ಜೂನಿನಲ್ಲಿ ಹಳ್ಳಿಹಳ್ಳಿಯಲ್ಲಿ ಶೋಧ ನಡೆಯಿತು. ದೊಡ್ಡ ಉಗ್ರಾಣಗಳಿದ್ದ ಕಲಕತ್ತೆ ಮತ್ತು ಹೌರಾಗಳನ್ನು ಮಾತ್ರ ಆ ಶೋಧದಿಂದ ಹೊರಗಿಟ್ಟರು. ದಿಲ್ಲಿಯಲ್ಲಿ ಅನ್ನಕ್ಕೊಂದು ಪ್ರತ್ಯೇಕ ಇಲಾಖೆಯು ಹುಟ್ಟಿದ್ದೇ ೧೯೪೨ರ ಡಿಸೆಂಬರಿನಲ್ಲಿ. ಪ್ರಾಂತ ಪ್ರಾಂತಕ್ಕೂ ನಡುವೆ ಧಾನ್ಯವು ಹೋಗದಂತೆ ಗೋಡೆಗಳು ಎದ್ದಿದ್ದುವು. ಮೇ ತಿಂಗಳಲ್ಲಿ ಪೂರ್ವದ ಪ್ರಾಂತಗಳ ಮಟ್ಟಿಗೆ ಆ ಗೋಡೆಗಳನ್ನು ದಿಲ್ಲಿಯು ಕೆಡವಿತು. ಬಂಗಾಲದ ವರ್ತಕರು ಬಿಹಾರ ಒರಿಸ್ಸಗಳಿಗೆ ನುಗ್ಗಿದರು, ಅಲ್ಲಿಯೂ ಧಾರಣೆಯು ಏರಿತು, ಅಲ್ಲಿಯ ಸರಕಾರಗಳು ಕೂಗಿಕೊಂಡುವು, ಮತ್ತೆ ಗೋಡೆ ಎದ್ದಿತು. ಜುಲೈಯಲ್ಲಿ ದಾಮೋದರ ನದಿಯು ದಂಡೆಯೊಡೆದು ಹರಿದು ಕಲಕತ್ತೆಗೆ ಪಶ್ಚಿಮದಿಂದ ಬರುವ ರೇಲ್ವೆಯ ಹಾದಿಯನ್ನು ಮುರಿಯಿತು.

ಮಿಕ್ಕ ಪ್ರಾಂತಗಳೆಲ್ಲ ಹೀಗೆಯೇ ಇದ್ದುವೆಂದು ತಿಳಿಯಬಾರದು. ಬಿಜಾಪುರ ಜಿಲ್ಲೆಯಲ್ಲಿ ೧೯೪೨ರಲ್ಲಿ ಮಳೆ ತಪ್ಪಿತು. ಬಿಜಾಪುರದವರಿಗೆ ಅದು ಅಪರೂಪವಲ್ಲ. ಅಲ್ಲಿ ಹಳೆಯ ನಿಬಂಧನೆಯಂತೆ ಬರಗಾಲದ ಕಾಮಗಾರಿಗಳು ತೆರೆದುವು. ಕಷ್ಟವು ಸಣ್ಣದಾಗಿರಲಿಲ್ಲ, ಬಂಗಾಲದ ಹಾಗೆ ಊರಿಗೆ ಊರೇ ಬೀದಿಯ ಮೇಲೆ ಬಿದ್ದು ಸಾಯಲಿಲ್ಲ ಎಂಬುದು ಸಣ್ಣ ಮಾತೂ ಅಲ್ಲ. ಮುಂಬಯಿ ನಗರದಲ್ಲಿ ೧೯೪೩ರ ಮೇ ತಿಂಗಳಿನಲ್ಲಿಯೇ ಪಡಿತರದ ಚೀಟಿಯು ಜಾರಿಗೆ ಬಂದಿತು. ಕಲಕತ್ತೆಯು ಅದಕ್ಕೆ ೧೯೪೪ರ ಜನವರಿಯ ಕೊನೆಯ ದಿನದವರೆಗೆ ಕಾಯಬೇಕಾಯಿತು. ಆಗ ಮುಂಬಯಿ ಪ್ರಾಂತದಲ್ಲಿ ಮಂತ್ರಿಮಂಡಲವಿರಲಿಲ್ಲ, ಗವರ್ನರರ ಆಳಿಕೆಯಿದ್ದಿತು ಎಂಬುದನ್ನು ಕೆಲವರು ಎತ್ತಿ ತೋರಿಸುತ್ತಾರೆ. ಆದರೆ ಮಂತ್ರಿಗಳಿದ್ದ ಪಂಜಾಬಿನಲ್ಲಿ ಯಾರೂ ಹಸಿವಿನಿಂದ ಸಾಯಲಿಲ್ಲ. ಆದುದರಿಂದ ಮಂತ್ರಿಗಳಿದ್ದುದೇ ಕೇಡಾಯಿತೆಂಬ ವಾದವು ನಿಲ್ಲುವುದಿಲ್ಲ. ಬಂಗಾಲದಲ್ಲಿ ಮಂತ್ರಿಗಳೂ ಇದ್ದರು, ಗವರ್ನರರೂ ಇದ್ದರು, ದಂಡೂ ಇದ್ದಿತು. ಯಾರ ಮಾತು ಕೊನೆಯದೆಂಬುದು ಮಾತ್ರ ಗೊತ್ತಿರಲಿಲ್ಲ.

ಆಗಸ್ಟ್ ೨೨ರಂದು ಕಲಕತ್ತೆಯ ‘ಸ್ಟೇಟ್ಸ್‌ಮನ್’ ಪತ್ರಿಕೆಯ ಸಂಪಾದಕರಾದ ಇಯಾನ್ ಸ್ಟೀಫನ್ಸರು ಬೀದಿಯಲ್ಲಿ ಸಾಯುತ್ತಿದ್ದವರ ಛಾಯಾಚಿತ್ರಗಳನ್ನು ಅಚ್ಚು ಹಾಕಿದರು. ಆಂಗ್ಲರದೇ ಪತ್ರಿಕೆ, ಆಂಗ್ಲ ಸಂಪಾದಕ. ಪದಗಳನ್ನು ತಡೆಯಬಲ್ಲ ನಿಯಮಗಳು ಚಿತ್ರಗಳ ಮಾತನ್ನು ಆಡಿರಲಿಲ್ಲ. ದಿಲ್ಲಿಯ ಕಚೇರಿಗಳಲ್ಲಿಯೂ ಲಂಡನ್ನಿನಲ್ಲಿಯೂ ಬಂಗಾಲದ ಹೆಸರು ಕೇಳಿಬಂದಿತು. ವೈಸರಾಯ್ ಲಿನ್ಲಿತ್‌ಗೋ ಅವರು ಮಾತ್ರ ತಮ್ಮ ಅಧಿಕಾರದ ಆ ಕೊನೆಯ ತಿಂಗಳುಗಳಲ್ಲಿ ಒಂದು ಸಲವೂ ಬಂಗಾಲಕ್ಕೆ ಕಾಲಿಡಲಿಲ್ಲ. ಹಡಗುಗಳನ್ನು ಕೊಡಿರೆಂದು ಹಿಂದೂಸ್ಥಾನದಿಂದ ಹೋದ ಕೋರಿಕೆಗಳಿಗೆ ಲಂಡನ್ನಿನ ಯುದ್ಧಮಂಡಲವು ಕೇಳಿದುದಕ್ಕಿಂತ ಬಹಳ ಕಡಮೆ ಕೊಟ್ಟಿತು. ಹರ್ಬರ್ಟರು ಕಾಯಿಲೆ ಬಿದ್ದರು. ಸೆಪ್ಟೆಂಬರಿನಲ್ಲಿ ಬಿಹಾರದಿಂದ ಸರ್ ಥಾಮಸ್ ರದರ್‌ಫೋರ್ಡರು ಹಂಗಾಮಿಯಾಗಿ ಬಂದರು. ಕ್ಷಾಮದ ನಿಬಂಧನೆಯನ್ನು ಏಕೆ ಜಾರಿಗೆ ತಂದಿಲ್ಲವೆಂಬ ಪ್ರಶ್ನೆಗೆ ಅಕ್ಟೋಬರಿನಲ್ಲಿ ಇವರು ವೈಸರಾಯರಿಗೆ ಬರೆದ ಉತ್ತರವು ಸರಳವಾಗಿದ್ದಿತು: ನಿಬಂಧನೆಯು ಇಂತಿಷ್ಟು ಧಾನ್ಯವನ್ನು ಕೊಡಬೇಕೆನ್ನುತ್ತದೆ, ಕೊಡಲು ಧಾನ್ಯವಿಲ್ಲ. ಬರವನ್ನು ಎದುರಿಸಲೆಂದು ಬರೆದ ಪುಸ್ತಕವು ಬರ ಬಂದಿದೆಯೆಂಬ ಕಾರಣದಿಂದಲೇ ಮುಚ್ಚಿಕೊಂಡು ಕುಳಿತಿತು.

ಅಕ್ಟೋಬರ್ ೨೦ರಂದು ಲಾರ್ಡ್ ವೇವೆಲರು ವೈಸರಾಯರಾದರು. ಒಂದು ಕಣ್ಣನ್ನು ಮೊದಲನೆಯ ಮಹಾಯುದ್ಧದಲ್ಲಿ ಕಳೆದುಕೊಂಡ, ಮಾತು ಕಡಮೆಯ ದಂಡನಾಯಕರು. ಆ ಹುದ್ದೆಗೆ ಬರುವ ಮುಂಚೆ ಹಿಂದೂಸ್ಥಾನದ ಸೇನಾಪತಿಗಳಾಗಿದ್ದವರು. ವಾರ ತುಂಬುವುದರೊಳಗೆ ಪತ್ನಿಯೊಡನೆ ಕಲಕತ್ತೆಗೆ ಹೋದರು. ರಾತ್ರಿಯಲ್ಲಿ ಗುರುತು ತೋರದೆ ಬೀದಿಗಳಲ್ಲಿ ಸುತ್ತಿ, ಕಲ್ಲುಹಾಸಿನ ಮೇಲೆ ಮಲಗಿದ್ದ ನಿರ್ಗತಿಕರನ್ನು ನೋಡಿದರು. ಮರುದಿನ ಚಂಡಮಾರುತವು ಹೊಡೆದ ಕಾಂಟಾಯಿಗೆ ಹೋದರು. ಬಳಿಕ ಮಂತ್ರಿಗಳನ್ನು ಕೂರಿಸಿಕೊಂಡು ಹೇಳಿದುದು ಇಷ್ಟೇ: ನಿರ್ಗತಿಕರನ್ನು ನಗರದಿಂದ ಶಿಬಿರಗಳಿಗೆ ಸಾಗಿಸಿ ಅನ್ನ ಹಾಕಬೇಕು, ಕಲಕತ್ತೆಯಲ್ಲಿ ಬಂದು ಬಿದ್ದ ಧಾನ್ಯವು ಜಿಲ್ಲೆಗಳಿಗೆ ಹೋಗಬೇಕು, ಅದಕ್ಕೆ ದಂಡು ನೆರವಾಗುವುದು. ಆಗಿನ ಸೇನಾಪತಿ ಆಕಿನ್ಲೆಕ್ಕರು ಒಪ್ಪಿದರು.

ಎರಡು ಸೇನಾಧಿಪತಿಗಳಿಗೆ ಕೆಲಸವು ಹಂಚಿಕೆಯಾಯಿತು. ಮೇಜರ್ ಜನರಲ್ ವೇಕ್ಲಿಯವರಿಗೆ ಧಾನ್ಯದ ಸಾಗಣೆ; ಮೇಜರ್ ಜನರಲ್ ಸ್ಟುವರ್ಟರಿಗೆ ಜಿಲ್ಲೆಗಳಲ್ಲಿ ಮುಲ್ಕಿ ಅಧಿಕಾರಿಗಳಿಗೆ ಕೊಡತಕ್ಕ ದಂಡಿನ ನೆರವು. ಸುಮಾರು ಹದಿನೈದು ಸಾವಿರ ಸೈನಿಕರು ಈ ಕೆಲಸಕ್ಕೆ ಇಳಿದರು. ಇವರು ಸಣ್ಣ ಸಣ್ಣ ತುಕಡಿಗಳಾಗಿ ಜಿಲ್ಲೆಗಳಿಗೆ ಹೋಗಿ, ರೇಲ್ವೆಯ ನಿಲ್ದಾಣದಿಂದ ಉಗ್ರಾಣಕ್ಕೆ, ಉಗ್ರಾಣದಿಂದ ಹಳ್ಳಿಯ ಗಂಜಿಯ ಕೇಂದ್ರಕ್ಕೆ ಮೂಟೆಗಳನ್ನು ಮುಟ್ಟಿಸತೊಡಗಿದರು. ದಂಡಿನ ಲಾರಿಗಳು ಓಡಿದುವು. ದೂರದ ಜಾಗಗಳಿಗೆ ವಿಮಾನಗಳೂ ಹಾರಿದುವು. ಆದರೆ ಪೂರ್ವ ಬಂಗಾಲದಲ್ಲಿ ಲಾರಿಯು ನಿಲ್ದಾಣದ ಮುಂದಣ ನಾಲ್ಕು ಮೈಲಿಯ ಮಾತು, ಅಲ್ಲಿಂದಾಚೆಗೆ ನೀರು. ಹದಿನೆಂಟು ತಿಂಗಳ ಹಿಂದೆ ದಂಡಿನ ಅಪ್ಪಣೆಯಿಂದ ಯಾವ ದೋಣಿಗಳು ಹೋಗಿದ್ದುವೋ ಅವುಗಳ ಕೊರತೆಯು ಈಗ ದಂಡಿಗೇ ತಟ್ಟಿತು. ಇಬ್ಬರು ಜನರಲ್ಲರಿಗೂ ಇದರ ಹೊಣೆಯಿಲ್ಲ. ಅಂದು ದೋಣಿಗಳ ಪಟ್ಟಿಯನ್ನು ಬರೆದ ಕೈ ಬೇರೆ, ಇಂದು ಮೂಟೆ ಹೊತ್ತ ಹೆಗಲು ಬೇರೆ. ನೆಲ ಮಾತ್ರ ಒಂದೇ.

ದಂಡು ಬಂದುದರಿಂದ ಆದ ಲಾಭವು ಯಾವುದು? ಅಕ್ಕಿಯನ್ನು ಅದು ಬೆಳೆಯಲಿಲ್ಲ, ಕೊಳ್ಳಲೂ ಇಲ್ಲ. ಪಂಜಾಬಿನಿಂದಲೂ ಮಿಕ್ಕೆಡೆಗಳಿಂದಲೂ ಕಲಕತ್ತೆಗೆ ಧಾನ್ಯವು ಆ ಮೊದಲೇ ಬರತೊಡಗಿದ್ದಿತು. ಕಲಕತ್ತೆಯು ತುಂಬುತ್ತಿದ್ದಿತು, ಹೊರಕ್ಕೆ ಹರಿಯುತ್ತಿರಲಿಲ್ಲ. ಪ್ರಾಂತದ ಅನ್ನದ ಇಲಾಖೆಯಲ್ಲಿ ಉಗ್ರಾಣದ ಅನುಭವವಿದ್ದವರಾಗಲಿ ಸಾಗಣೆಯನ್ನು ಬಲ್ಲವರಾಗಲಿ ಸಾಕಷ್ಟು ಇರಲಿಲ್ಲ. ಬಂಗಾಲದಲ್ಲಿ ಕಾಯಂ ಗುತ್ತೆಯ ಜಮೀನ್ದಾರಿಯಿದ್ದುದರಿಂದ ಕನ್ನಡ ಜಿಲ್ಲೆಗಳಂತೆ ಹಳ್ಳಿಗೊಬ್ಬ ಶಾನುಭೋಗನೂ ಇಲ್ಲ, ಹೋಬಳಿಗೊಬ್ಬ ಶೇಕದಾರನೂ ಇಲ್ಲ. ಯಾವ ಹಳ್ಳಿಯಲ್ಲಿ ಎಷ್ಟು ಬಾಯಿ, ಎಷ್ಟು ಬತ್ತ ಎಂಬುದು ಸರಕಾರಕ್ಕೆ ಗೊತ್ತಾಗುವ ಬಗೆಯಿಲ್ಲ. ಈ ಬರಿದಾದ ಜಾಗವನ್ನೇ ದಂಡು ತುಂಬಿತು. ಮೂಟೆಯನ್ನು ಎಣಿಸಿ ತೆಗೆದುಕೊಳ್ಳುವುದು, ಎಣಿಸಿ ಕೊಡುವುದು, ಹೇಳಿದ ದಿನಕ್ಕೆ ಮುಟ್ಟಿಸುವುದು ಸೈನ್ಯದ ದಿನದಿನದ ಕೆಲಸ. ದಂಡಿನ ವೈದ್ಯರೂ ಸಂಚಾರಿ ಆಸ್ಪತ್ರೆಗಳೂ ಜಿಲ್ಲೆಗಳಿಗೆ ಹೋದುವು. ವಾಂತಿಭೇದಿಗೂ ಸಿಡುಬಿಗೂ ಚುಚ್ಚುಮದ್ದು ಹಾಕುವ ಕೆಲಸವು ನಡೆಯಿತು. ನವೆಂಬರಿನಲ್ಲಿ ಗಂಜಿಯ ಕೇಂದ್ರಗಳು ಆರು ಸಾವಿರವನ್ನು ಮೀರಿದ್ದುವು. ಅಲ್ಲಿ ಹಾಕುತ್ತಿದ್ದ ಗಂಜಿಯಾದರೂ ಕೆಲವು ಕಾಲ ಒಬ್ಬನಿಗೆ ದಿನಕ್ಕೆ ನಾಲ್ಕು ಔನ್ಸು ಧಾನ್ಯದ್ದು, ಎಂದರೆ ಟೆಂಪಲರ ಒಂದು ಪೌಂಡಿನ ಕಾಲುಭಾಗ.

ಒಂದು ಮಾತನ್ನು ಮರೆಯಬಾರದು. ಸೈನ್ಯವು ಬಂದುದು ಆಳುವುದಕ್ಕಲ್ಲ, ನೆರವಿಗೆ. ಯಾವ ಹಳ್ಳಿಗೆ ಎಷ್ಟು ಎಂಬುದನ್ನು ಗೊತ್ತುಮಾಡುವವನು ಜಿಲ್ಲೆಯ ಅಧಿಕಾರಿಯೇ, ಧಾನ್ಯವು ಪ್ರಾಂತದ್ದೇ. ಜಿಲ್ಲಾಧಿಕಾರಿಯು ಚುರುಕಾಗಿದ್ದಲ್ಲಿ ಲಾರಿಗಳೂ ಚುರುಕಾಗಿದ್ದುವು. ಕಲಕತ್ತೆಯ ಕಚೇರಿಯಲ್ಲಿ ಕಾಗದವು ನಿಂತರೆ ದಂಡಿನ ಲಾರಿಯೂ ನಿಲ್ಲಬೇಕಾಗುತ್ತಿದ್ದಿತು. ದಂಡು ಬಂದ ಬಳಿಕವೂ ಹೌರಾದ ಆಚೆಯ ಶಿವಪುರದ ಸಸ್ಯೋದ್ಯಾನದಲ್ಲಿ ಧಾನ್ಯದ ಮೂಟೆಗಳು ಬಯಲಿನಲ್ಲಿ ಬಿದ್ದು ಕೆಟ್ಟುದು ಇದಕ್ಕೆ ಸಾಕ್ಷಿ.

ಡಿಸೆಂಬರಿನಲ್ಲಿ ಆಮನ್ ಬತ್ತದ ಕೊಯ್ಲು ಆಯಿತು. ಬಂಗಾಲವು ಕಂಡ ದೊಡ್ಡ ಬೆಳೆಗಳಲ್ಲಿ ಅದೊಂದು. ಹೊಲದಲ್ಲಿ ತೆನೆ ತೂಗುತ್ತಿದ್ದ ಆ ಡಿಸೆಂಬರಿನಲ್ಲಿಯೇ ಸಾವಿನ ಲೆಕ್ಕವು ಶಿಖರಕ್ಕೇರಿತು. ಹಸಿವಿನಿಂದ ಬಡವಾದ ಮೈಗೆ ಮಲೇರಿಯಾ ಹತ್ತಿತು. ಆ ಜ್ವರವು ೧೯೪೪ರ ಉದ್ದಕ್ಕೂ ಕೊಂದಿತು. ಸತ್ತವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ೧೯೪೩ರ ತರುವಾಯ ಸತ್ತರೆಂದು ಮುಂದೆ ಅಮರ್ತ್ಯ ಸೇನರು ಲೆಕ್ಕ ಹಾಕಿ ತೋರಿಸಿದರು.

೧೯೪೪ರಲ್ಲಿ ಸರ್ ಜಾನ್ ವುಡ್‌ಹೆಡ್ಡರ ಅಧ್ಯಕ್ಷತೆಯಲ್ಲಿ ವಿಚಾರಣೆಯ ಆಯೋಗವು ಕುಳಿತು ೧೯೪೫ರಲ್ಲಿ ಬಂಗಾಲದ ವರದಿಯನ್ನು ಹೊರಡಿಸಿತು. ಪ್ರಾಂತದ ಸರಕಾರವನ್ನೂ ದಿಲ್ಲಿಯನ್ನೂ ವರ್ತಕರನ್ನೂ ಅದು ಹಳಿಯಿತು; ಲಂಡನ್ನಿನ ಕಡೆಗೆ ಬೆರಳು ತೋರುವಲ್ಲಿ ಕೈ ನಡುಗಿತು. ಸತ್ತವರು ಹದಿನೈದು ಲಕ್ಷವೆಂದು ಅದರ ಎಣಿಕೆ. ಆಯೋಗದ ಸದಸ್ಯರಲ್ಲಿ ಒಬ್ಬರಾದ ಕೂನೂರಿನ ಪೋಷಣ ಸಂಶೋಧನಾಲಯದ ಡಾಕ್ಟರ್ ಏಕ್ರಾಯ್ಡರು, ಆ ಎಣಿಕೆಯು ಹೆಚ್ಚಾಗಿ ತಮ್ಮದೆಂದೂ, ದಾರಿಯ ಬದಿಯಲ್ಲಿ ಸತ್ತವರು ಅದರಲ್ಲಿ ಸರಿಯಾಗಿ ಸೇರಲಿಲ್ಲವೆಂದೂ ಸುಮಾರು ಮೂವತ್ತು ವರ್ಷಗಳ ಮೇಲೆ ಒಪ್ಪಿಕೊಂಡರು. ಈಚಿನ ವಿದ್ವಾಂಸರ ಎಣಿಕೆಗಳು ಇಪ್ಪತ್ತು ಲಕ್ಷದಿಂದ ನಾಲ್ವತ್ತು ಲಕ್ಷದ ಒಳಗೆ ಇವೆ. ಮೂವತ್ತು ಲಕ್ಷವೆಂಬುದೇ ಬಹುಜನರು ಒಪ್ಪಿದುದು.

ಆರಿಸಿಬಂದ ಮಂತ್ರಿಮಂಡಲವನ್ನು ತೆಗೆದುಹಾಕಿದರೆ ರಾಜಕೀಯದ ಗಲಭೆಯೆದ್ದೀತೆಂಬ ಅಂಜಿಕೆಯಿಂದ ೧೯೪೩ರ ಉದ್ದಕ್ಕೂ ತೊಂಬತ್ತುಮೂರನೆಯ ಕಲಮನ್ನು ಮುಟ್ಟಲಿಲ್ಲ. ೧೯೪೪ರ ಜನವರಿಯಲ್ಲಿ ಆಸ್ಟ್ರೇಲಿಯದ ರಿಚರ್ಡ್ ಕೇಸಿಯವರು ಗವರ್ನರರಾಗಿ ಬಂದಾಗಲೂ ಅದನ್ನು ಬಳಸಲಿಲ್ಲ. ೧೯೪೫ರ ಮಾರ್ಚ್ ಕೊನೆಯಲ್ಲಿ ನಾಜಿಮುದ್ದೀನರ ಮಂತ್ರಿಮಂಡಲವು ವಿಧಾನಸಭೆಯಲ್ಲಿ ಸೋತಿತು; ಸಭಾಧ್ಯಕ್ಷ ನೌಶೇರ್ ಅಲಿಯವರು ಸಭೆಯನ್ನು ಮುಂದೆ ನಡೆಸಲಾಗದೆಂದು ತೀರ್ಪು ಕೊಟ್ಟರು; ಕೇಸಿಯವರು ಆ ಕಲಮಿನ ಪ್ರಕಾರ ಆಡಳಿತವನ್ನು ಕೈಗೆ ತೆಗೆದುಕೊಂಡರು. ಮಂತ್ರಿಮಂಡಲವು ಸೋತುದು ಬೇಸಾಯದ ಇಲಾಖೆಗೆ ಹಣ ಕೇಳಿದ ಬೇಡಿಕೆಯ ಮೇಲೆ.